ಕೊನೇ 20 ನಿಮಿಷಕ್ಕೆ ಎರಡು ಸಲ ದುಡ್ಡು ಕೊಟ್ಟೆ

ಕೊಡಗಿನವರೇ, ಮಳೆಗಾಲದಲ್ಲಿ ಆ್ಯಪ್‌ನಿಂದ ಬಾಡಿಗೆಗೆ ಸಿನಿಮಾ ತಗೊಳ್ಳಬೇಡಿ. ಅದರಲ್ಲೂ "ಕೊನೇ 20 ನಿಮಿಷ ಇದೆಯಲ್ಲ, ಅದನ್ನ ನೋಡಲೇಬೇಕು" ಅಂತ ಯಾರಾದರೂ ಹೇಳಿದರೆ ಬೇಡವೇ ಬೇಡ. ನಾನು ಬೇಸ್ತು ಬಿದ್ದೆ. ಅದೂ ಎರಡು ಸಲ.

ಆಟಿ ತಿಂಗಳ 18ನೇ ದಿನ, ಅಂದ್ರೆ ಆಗಸ್ಟ್ 3. ಮದ್ದು ಸೊಪ್ಪಿನ ಪಾಯಸಕ್ಕೆ ಅಂತ ನೆಂಟರೆಲ್ಲ ಮಾದಾಪುರದ ನಮ್ಮ ಮನೆಗೆ ಬಂದಿದ್ದರು. ಹೊರಗೆ ಬಿಡದ ಮಳೆ. ಬೆಂಗಳೂರಿನ ಭಾಮೈದ ತಿಂಗಳಿಂದ ತಲೆ ತಿಂದಿದ್ದ. "ಭಾವ, ಎಲ್ಲರೂ ನೋಡಿ ಆಯ್ತು, ನೀವೊಬ್ಬರೇ ಬಾಕಿ." ಸಿನಿಮಾದ ಹೆಸರು ಹಾಕಲ್ಲ. ಹಾಕಿದರೆ ಅಭಿಮಾನಿಗಳು ನನಗೇ ಬಯ್ಯುತ್ತಾರೆ. ಭಾರೀ ಹೆಸರು ಮಾಡಿದ ಕ್ರೈಂ ಥ್ರಿಲ್ಲರ್, ಅಷ್ಟು ಸಾಕು. ಬಾಡಿಗೆ 149 ರೂಪಾಯಿ. ಹನ್ನೆರಡು ಜನ, ಸುಟ್ಟ ಹಲಸಿನ ಬೀಜ, ಕಾಫಿ. ಯಾರೂ ಮಾತಾಡಬಾರದು, ಒಂದು ಸುಳಿವೂ ತಪ್ಪಬಾರದು ಅಂತ ನಾನು ಭಾಷಣ ಬೇರೆ ಮಾಡಿದೆ. ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತದೆ.

ಮೊದಲ ಒಂದು ಗಂಟೆ ಪೊಲೀಸ್ ಅಧಿಕಾರಿ ಕಿಟಕಿ ಪಕ್ಕ ನಿಂತು ಸಿಗರೇಟು ಸೇದುತ್ತಾನೆ. ಹೆಂಡತಿ ಬಿಟ್ಟು ಹೋಗಿದ್ದಾಳೆ, ಅದಕ್ಕೆ. ಹಿಂದೆ ಮಳೆ ಸುರಿಯುತ್ತಾ ಇರುತ್ತದೆ. ಮಳೆ ನೋಡೋಕೆ ನಾವು ದುಡ್ಡು ಕೊಡಬೇಕಾ? ನಮ್ಮ ಕಿಟಕಿ ತೆಗೆದಿದ್ದರೆ ಸಾಕಿತ್ತು. ದೊಡ್ಡಮ್ಮ ಕೂತಲ್ಲೇ ನಿದ್ದೆ ಹೋದರು. ಎದ್ದು ಹೊರಟವರನ್ನೆಲ್ಲ "ಇರಿ, ಕೊನೇ 20 ನಿಮಿಷ ಇದೆ" ಅಂತ ಹಿಡಿದು ಕೂರಿಸಿದವನು ನಾನೇ.

ಸರಿಯಾಗಿ ಆ 20 ನಿಮಿಷ ಬರುವ ಹೊತ್ತಿಗೆ ಕರೆಂಟ್ ಹೋಯಿತು. ಸಿಲ್ವರ್ ಮರ ತಂತಿ ಮೇಲೆ ಬಿದ್ದಿತ್ತು. ಲೈನ್‌ಮನ್‌ಗಳು ಪಾಪ, ಆ ಮಳೆಯಲ್ಲೇ ಕಂಬ ಹತ್ತಿದರು. ಆದರೂ ನಮ್ಮ ಮನೆಗೆ ಕರೆಂಟ್ ಬಂದಿದ್ದು ಮೂರನೇ ದಿನ ರಾತ್ರಿ. ಮೊಬೈಲ್ ಟವರ್ ಕೂಡ ಸತ್ತಿತ್ತು. ಓಡಿ ಹೋಗಿ ಆ್ಯಪ್ ತೆಗೆದರೆ ಬಾಡಿಗೆ ಅವಧಿ ಮುಗಿದಿದೆ! ಶುರು ಮಾಡೋಕೆ 30 ದಿನ ಕೊಡುತ್ತಾರಂತೆ, ಪ್ಲೇ ಒತ್ತಿದ ಮೇಲೆ 48 ಗಂಟೆ ಮಾತ್ರ. ಸಣ್ಣ ಅಕ್ಷರದಲ್ಲಿ ಬರೆದಿತ್ತು, ಒಪ್ಪುತ್ತೇನೆ. ಓದಿರಲಿಲ್ಲ. ನೀವು ಓದ್ತೀರಾ?

ಚಾಟ್‌ನಲ್ಲಿ ದೂರು ಕೊಟ್ಟೆ. ಮರ ಬಿತ್ತು, ಕರೆಂಟ್ ಇರಲಿಲ್ಲ ಅಂದೆ. "ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ. ನಿಮ್ಮ ಖಾತೆಯಲ್ಲಿ ಯಾವ ದೋಷವೂ ಇಲ್ಲ." ದೋಷ ಖಾತೆಯಲ್ಲಿದೆ ಅಂತ ನಾನೆಲ್ಲಿ ಹೇಳಿದೆ? ಮತ್ತೆ ಬರೆದೆ. "ನಿಮ್ಮ ಇಂಟರ್ನೆಟ್ ಸಂಪರ್ಕ ಪರಿಶೀಲಿಸಿ." ಸ್ವಾಮೀ, ಮರ ಬಿತ್ತು, ಮರ! ಕೊನೆಗೆ ಬಂದ ಉತ್ತರ: "ಮತ್ತೊಮ್ಮೆ ಬಾಡಿಗೆಗೆ ಪಡೆದು ಆನಂದಿಸಿ." ಅದರ ಕೆಳಗೆ, ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ ಅಂತ ಬೇರೆ!

ಕೊಟ್ಟೆ. ಸ್ಟಾರ್ ಅಲ್ಲ, ಇನ್ನೊಂದು 149. ಇದನ್ನು ಹೆಂಡತಿಗೆ ಇನ್ನೂ ಹೇಳಿಲ್ಲ.

ಆ ಪುಣ್ಯದ 20 ನಿಮಿಷದಲ್ಲಿ ಏನಾಗುತ್ತದೆ ಗೊತ್ತಾ? ಹೊಸಬ ಒಬ್ಬ ಬರುತ್ತಾನೆ. ಅಲ್ಲಿವರೆಗೆ ಅವನ ನೆರಳೂ ಕಂಡಿಲ್ಲ, ಹೆಸರೂ ಕೇಳಿಲ್ಲ. ಅವನೇ ಕೊಲೆಗಾರ. ನಾವು ಹನ್ನೆರಡು ಜನ ಎರಡು ಗಂಟೆ ಅಡುಗೆಯವನನ್ನೂ ಡಾಕ್ಟರನ್ನೂ ಅನುಮಾನಿಸಿದ್ದು ಸುಮ್ನೆ. ರೊನಾಲ್ಡ್ ನಾಕ್ಸ್ ಅನ್ನುವ ಇಂಗ್ಲಿಷ್ ಪಾದ್ರಿ 1929ರಲ್ಲೇ ಪತ್ತೇದಾರಿ ಕಥೆಗೆ ಹತ್ತು ನಿಯಮ ಹಾಕಿದ್ದ. ಮೊದಲನೇ ನಿಯಮವೇ ಇದು: ಅಪರಾಧಿಯ ಪ್ರಸ್ತಾಪ ಕಥೆಯ ಶುರುವಿನಲ್ಲೇ ಬಂದಿರಬೇಕು. ಓದುಗನಿಗೂ ಒಂದು ಅವಕಾಶ ಇರಲಿ ಅಂತ. ಇಲ್ಲಿ ನಮಗೆಲ್ಲಿತ್ತು ಅವಕಾಶ?

ಭಾಮೈದನಿಗೆ ಫೋನ್ ಮಾಡಿದೆ. "ಅಯ್ಯೋ ಭಾವ, ನಿಮಗೆ ಅರ್ಥ ಆಗಿಲ್ಲ. ಕೊಲೆಗಾರ ಯಾರು ಅನ್ನೋದು ಮುಖ್ಯ ಅಲ್ಲ." ಕೊಲೆಯ ಸಿನಿಮಾದಲ್ಲಿ ಅದು ಮುಖ್ಯ ಅಲ್ವಂತೆ! "ಇನ್ನೊಂದ್ಸಲ ನೋಡಿ, ಆಗ ಗೊತ್ತಾಗುತ್ತೆ" ಅಂದ.

ಬಾಡಿಗೆಗೆ ತಗೊಳ್ಳಲೇಬೇಕಾದರೆ ಜನವರಿಯಲ್ಲಿ ತಗೊಳ್ಳಿ, ಒಂದೇ ಏಟಿಗೆ ಮುಗಿಸಿ. ಹೊಗಳಿದವರ ಹತ್ತಿರ ಮೊದಲ ಒಂದು ಗಂಟೆಯಲ್ಲಿ ಏನಿದೆ ಅಂತ ಕೇಳಿ. ನಮ್ಮವನು ಅದಕ್ಕೆ ತಡಬಡಾಯಿಸಿದ.

298 ರೂಪಾಯಿ ಕಳಿಸು ಅಂತ ಅವನಿಗೆ ಮೆಸೇಜ್ ಹಾಕಿದ್ದೇನೆ. ನೀಲಿ ಟಿಕ್ ಬಂದು ನಾಲ್ಕು ದಿನ ಆಯಿತು.