ಎರಡು ದಿನದ ಆಡಿಷನ್ ಕ್ಲಾಸು: ಪುಸ್ತಿಕೆ ರದ್ದಿಗೆ, ಮೇಷ್ಟ್ರಿಗೆ ನಮಸ್ಕಾರ

ಮೊದಲೇ ಹೇಳಿಬಿಡುತ್ತೇನೆ: ಐದಕ್ಕೆ ಮೂರು ಸ್ಟಾರ್. ಆ ಮೂರೂ ಮೇಷ್ಟ್ರಿಗೆ. ಕ್ಲಾಸು ನಡೆಸಿದವರಿಗೆ ಒಂದೂ ಇಲ್ಲ.

ನಾನು ರಾಣೆಬೆನ್ನೂರಿನವಳು, ವಯಸ್ಸು 23. ಬೆಂಗಳೂರಲ್ಲಿ ಒಂದು ಸಣ್ಣ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಒಂದು ವರ್ಷ ಕೆಲಸ ಬಿಟ್ಟು ಹೆಗ್ಗೋಡಿಗೆ ಹೋಗಿ ನೀನಾಸಂನಲ್ಲಿ ನಾಟಕ ಕಲಿಯಬೇಕು ಅನ್ನುವುದು ಆಸೆ. ಅದಾಗದಿದ್ದರೆ ಇರಲಿ ಅಂತ ಸೀರಿಯಲ್ ಆಡಿಷನ್‌ಗಳ ವಾಟ್ಸಾಪ್ ಗ್ರೂಪುಗಳಲ್ಲೂ ಇದ್ದೇನೆ. ಯಾರ ಮುಂದೆ ಹೋಗಿ ನಿಂತರೂ 'ಏನಾದ್ರೂ ಮಾಡಿ ತೋರಿಸಿ' ಅನ್ನುತ್ತಾರೆ. ನನ್ನ ಹತ್ತಿರ ಇದ್ದದ್ದು ಒಂದೇ. ಹೈಸ್ಕೂಲಿನ ಏಕಪಾತ್ರಾಭಿನಯ ಸ್ಪರ್ಧೆಯಲ್ಲಿ ಪ್ರೈಜ್ ತಂದ ಕಿತ್ತೂರು ಚೆನ್ನಮ್ಮನ ಕಪ್ಪದ ಮಾತು. ಅದನ್ನು ಶುರು ಮಾಡಿದ ಕೂಡಲೇ ಎದುರಿಗಿದ್ದವರ ಮುಖ ನೋಡಬೇಕಿತ್ತು ನೀವು.

ಹಾಗಾಗಿ ಹನುಮಂತನಗರದ ಕಡೆ ಶನಿವಾರ, ಭಾನುವಾರ ನಡೆದ ಈ ಕ್ಲಾಸಿಗೆ 3,500 ರೂಪಾಯಿ ಕಟ್ಟಿದೆ. 'ಎಂಟೇ ಜನರ ಬ್ಯಾಚ್' ಅಂದಿದ್ದರು. ಹೋಗಿ ನೋಡಿದರೆ ಹದಿನಾಲ್ಕು ಜನ. ಕುರ್ಚಿ ಹತ್ತೇ ಇದ್ದವು.

ಬಾಗಿಲಲ್ಲೇ ಒಂದು ಜೆರಾಕ್ಸ್ ಪುಸ್ತಿಕೆ ಕೊಟ್ಟರು. ಒಳಗೆ ನಲವತ್ತು ಸ್ವಗತಗಳು. ಯಾವ ನಾಟಕದ್ದು, ಯಾವ ದೃಶ್ಯದ್ದು, ಅದಕ್ಕೆ ಮುಂಚೆ ಏನಾಗಿರುತ್ತದೆ, ಒಂದೂ ಇಲ್ಲ. ಮಧ್ಯೆ ಮಧ್ಯೆ ಸಿನಿಮಾ ಡೈಲಾಗುಗಳು. 'ಭಯ' ಅನ್ನುವುದು ಎಲ್ಲ ಕಡೆ 'ಬಯ' ಆಗಿತ್ತು. ನಾಟಕವನ್ನು ಪೂರ್ತಿ ಓದದೆ ಅದರ ಒಂದು ತುಂಡು ಬಾಯಿಪಾಠ ಮಾಡಿದರೆ, ಅಳು ಬರುವ ಜಾಗದಲ್ಲಿ ಅಳುತ್ತೇವೆ, ಅಷ್ಟೇ. ಯಾಕೆ ಅಂತ ನಮಗೇ ಗೊತ್ತಿರುವುದಿಲ್ಲ. ಈ ಪುಸ್ತಿಕೆಗೆ ಅಂತ 300 ರೂಪಾಯಿ ಬೇರೆ ಇಸಿದುಕೊಂಡರು.

ಮೇಷ್ಟ್ರು ಬಂದದ್ದು ಹನ್ನೊಂದು ಗಂಟೆಗೆ. ವಯಸ್ಸಾದವರು, ಹೆಗಲಲ್ಲಿ ಬಟ್ಟೆ ಚೀಲ. ಪುಸ್ತಿಕೆಯನ್ನು ಎರಡು ಪುಟ ತಿರುವಿ ಪಕ್ಕಕ್ಕಿಟ್ಟರು. 'ನಿಮ್ಮ ಹತ್ರ ಏನಿದೆಯೋ ಅದನ್ನೇ ಮಾಡಿ' ಅಂದರು. ಐದು ಹುಡುಗರು ಸಾಲಾಗಿ 'ತುಘಲಕ್' ನಾಟಕದ ಸುಲ್ತಾನನ ಮಾತು ಮಾಡಿದರು. ಐವರೂ ಕೈ ಮೇಲೆತ್ತಿ, ಗಂಟಲು ದಪ್ಪ ಮಾಡಿ. ಕಾರ್ನಾಡರು ಅದನ್ನು ಬರೆದದ್ದು 1964ರಲ್ಲಿ. ಅಂದಿನಿಂದ ಈ ಊರಲ್ಲಿ ಎಷ್ಟು ಹುಡುಗರು ಸುಲ್ತಾನರಾಗಿದ್ದಾರೋ ಲೆಕ್ಕವಿಲ್ಲ. ಐದನೆಯವನು ಮುಗಿಸಿದ ಮೇಲೆ ಮೇಷ್ಟ್ರು, 'ದಿಲ್ಲಿಯಿಂದ ದೌಲತಾಬಾದಿಗೆ ಎಷ್ಟು ಸಲ ಅಂತ ನಡೆಯೋದಪ್ಪಾ, ಕಾಲು ನೋಯ್ತಿದೆ' ಅಂದರು. ತುಘಲಕ್ ಬೇಡ ಅಂತಲ್ಲ, ಆರಿಸುವವರು ಬೆಳಗ್ಗೆಯಿಂದ ಅದನ್ನೇ ಕೇಳಿ ಕೂತಿರುತ್ತಾರೆ, ನೀವು ಬಾಯಿ ತೆರೆಯುವ ಮೊದಲೇ ಹೋಲಿಕೆ ಶುರುವಾಗಿರುತ್ತದೆ ಅಂತ.

ನಾನು ಮಹಾ ಜಾಣೆ ಅಂದುಕೊಂಡು ಕಾರ್ನಾಡರದೇ ಇನ್ನೊಂದು ನಾಟಕ 'ಒಡಕಲು ಬಿಂಬ'ದ ಮಂಜುಳಾಳ ಮಾತು ತಯಾರು ಮಾಡಿಕೊಂಡು ಹೋಗಿದ್ದೆ. ಟಿವಿ ಸ್ಟುಡಿಯೋದಲ್ಲಿ ನಿಂತು ಒಬ್ಬಳೇ ಮಾತಾಡುತ್ತಾಳಲ್ಲ, ಸಿದ್ಧ ಸ್ವಗತ. ಮೇಷ್ಟ್ರು ಪೂರ್ತಿ ಕೇಳಿದರು. ಆಮೇಲೆ, 'ಚೆನ್ನಾಗಿ ಓದ್ತೀಯಮ್ಮಾ. ಆದ್ರೆ ಅವಳು ವರ್ಷಗಟ್ಟಲೆ ಒಂದು ಸುಳ್ಳನ್ನ ಸಾಕಿಕೊಂಡು ಬಂದವಳು. ನಿನಗೆ ಇನ್ನೂ ಸುಳ್ಳು ಹೇಳೋಕೇ ಬರಲ್ಲ' ಅಂದರು. ಎಲ್ಲರೂ ನಕ್ಕರು. ಮುಖ ಕೆಂಪಾಯಿತು, ಆದರೆ ಮಾತು ಸರಿಯಾಗಿತ್ತು. ನನ್ನ ವಯಸ್ಸಿಗೆ, ನನ್ನ ಬಾಯಿಗೆ ಒಗ್ಗುವ ಪಾತ್ರ ಬೇಕಿತ್ತು.

ಅವರು ಕೊಟ್ಟದ್ದು 'ನಾಗಮಂಡಲ'ದ ರಾಣಿ. ನಾಗನನ್ನು ಹಿಡಿದು ಪಂಚಾಯಿತಿ ಮುಂದೆ ಪ್ರಮಾಣ ಮಾಡುವ ಜಾಗ ಅಂತ ನಾನು ಖುಷಿಯಾದೆ. 'ಅದನ್ನೂ ಎಲ್ಲರೂ ಮಾಡ್ತಾರೆ' ಅಂದರು. ಅದರ ಬದಲು ನಾಟಕದ ಶುರುವಿನ ದೃಶ್ಯ. ಗಂಡ ಅಪ್ಪಣ್ಣ ಅವಳನ್ನು ಮನೆಯೊಳಗೆ ಕೂಡಿ ಬೀಗ ಹಾಕಿ ಹೋಗುತ್ತಾನೆ, ಮಧ್ಯಾಹ್ನ ಊಟಕ್ಕೆ ಮಾತ್ರ ಬರುತ್ತಾನೆ. ರಾತ್ರಿ ಒಬ್ಬಳೇ ಇರಲು ಹೆದರಿಕೆ ಅಂತ ಅವಳು ಹೇಳಲು ನೋಡುತ್ತಾಳೆ. ಅಲ್ಲಿ ಸ್ವಗತ ಅನ್ನುವಷ್ಟು ಉದ್ದದ ಮಾತೇ ಇಲ್ಲ. ಅಪ್ಪಣ್ಣನ ಮಾತು ಹೊಡೆದುಹಾಕಿ, ರಾಣಿಯದ್ದು ಮಾತ್ರ ಜೋಡಿಸಿಕೊಂಡೆವು. ಹೊಡೆದ ಜಾಗ ಮಾತ್ರ ಖಾಲಿ ಬಿಡಬೇಕು ಅಂದರು. ಅವನು ಉತ್ತರ ಕೊಡುವಷ್ಟು ಹೊತ್ತು ನಾನು ಕೇಳಿಸಿಕೊಳ್ಳಬೇಕು.

ನಾನು ಸುಮ್ನೆ ಗೋಡೆ ನೋಡುತ್ತಾ ಹೇಳಿ ಮುಗಿಸಿದೆ. ಮೇಷ್ಟ್ರು ತುಮಕೂರಿನ ಹುಡುಗನೊಬ್ಬನನ್ನು ಕರೆದು, 'ನಿನ್ನ ಡಬ್ಬಿ ತೆಗೆದು ಇಲ್ಲಿ ಕೂತು ಊಟ ಮಾಡು. ಇವಳು ಏನು ಹೇಳಿದರೂ ತಲೆ ಎತ್ತಬೇಡ' ಅಂದರು. ಅವನು ನಿಜವಾಗಿಯೂ ಅನ್ನ ಸಾರು ಕಲಸಿ ಉಣ್ಣತೊಡಗಿದ. ನನಗೆ, 'ಪುಸ್ತಕದ ಮಾತು ಬಿಡು. ನಿಮ್ಮನೇಲಿ ಹೇಗೆ ಕೇಳ್ತೀಯೋ ಹಾಗೆ ಕೇಳು' ಅಂದರು. ಬೆಂಗಳೂರಿಗೆ ಬಂದ ಮೇಲೆ ಎರಡು ವರ್ಷ ಬಚ್ಚಿಟ್ಟುಕೊಂಡಿದ್ದ ಭಾಷೆ ಆಚೆ ಬಂತು. 'ಯಾಕ್ರೀ ಬಾಗಲಾ ಹಾಕ್ಕೊಂಡ ಹೋಗ್ತೀರಿ? ನಾ ಎಲ್ಲಿಗ ಓಡಿ ಹೋಗಾಕಿ?' ಅವನು ಸೊರ್ ಅಂತ ಸಾರು ಎಳೆದ. ನನಗೆ ಎಂಥ ಸಿಟ್ಟು ಬಂತು ಅಂದರೆ, ಮುಂದಿನ ಮಾತು ತಾನಾಗಿ ಸಣ್ಣ ದನಿಯಲ್ಲಿ ಬಂತು. ಸಿಟ್ಟು ಬಂದರೆ ಕೂಗಬೇಕು ಅಂತ ಅಲ್ಲಿಯವರೆಗೆ ಅಂದುಕೊಂಡಿದ್ದೆ. ಆಮೇಲೆ ಅವನನ್ನು ಎಬ್ಬಿಸಿ, ಪುಸ್ತಕದ ಮಾತಿಗೇ ವಾಪಸ್ ಬಂದು ಮಾಡಿಸಿದರು. ಖಾಲಿ ಕುರ್ಚಿಯಲ್ಲೂ ಅವನು ಉಣ್ಣುತ್ತಲೇ ಇದ್ದ.

ಇದಕ್ಕೆಲ್ಲ ನನಗೆ ಸಿಕ್ಕಿದ್ದು ಹನ್ನೆರಡು ನಿಮಿಷ. ಹದಿನಾಲ್ಕು ಜನ ಅಲ್ವಾ. ಮೂವರಿಗೆ ಅಷ್ಟೂ ಸಿಗಲಿಲ್ಲ.

ಭಾನುವಾರ ಮಧ್ಯಾಹ್ನ ಮೊಬೈಲಲ್ಲಿ ಆಡಿಷನ್ ರೆಕಾರ್ಡ್ ಮಾಡುವುದು ಹೇಗೆ ಅಂತ ಬೇರೊಬ್ಬರು ಹೇಳಿಕೊಟ್ಟರು. ಹಿಂದೆ ಖಾಲಿ ಗೋಡೆ ಇರಲಿ, ಫ್ಯಾನ್ ಆಫ್ ಮಾಡಿ, ಎದುರಿನ ಪಾತ್ರ ಲೆನ್ಸ್ ಪಕ್ಕದಲ್ಲಿದೆ ಅಂದುಕೊಂಡು ಅಲ್ಲಿ ನೋಡಿ. ಇಷ್ಟೇ. ಒಂದು ವಾರದಲ್ಲಿ ನಮ್ಮ ವಿಡಿಯೋ ಕಳಿಸುತ್ತೇವೆ ಅಂದರು. ಐದು ಸಲ ಫೋನ್ ಮಾಡಿದ ಮೇಲೆ 24ನೇ ದಿನ ಬಂತು. ಫೈಲಿನ ಮೇಲೆ ಬೇರೆ ಹುಡುಗಿಯ ಹೆಸರು. 'ಕಾಸ್ಟಿಂಗ್‌ನವರಿಗೆ ತೋರಿಸ್ತೀವಿ' ಅಂದ ಮಾತು ಇವತ್ತಿಗೂ ಮಾತಾಗಿಯೇ ಇದೆ. ಸರ್ಟಿಫಿಕೇಟ್ ಮಾತ್ರ ಲ್ಯಾಮಿನೇಷನ್ ಮಾಡಿಸಿ ಕೊಟ್ಟರು.

ಹಾಗಾದರೆ ಹೋಗಬಹುದಾ? ದುಡ್ಡು ಕಟ್ಟುವ ಮುಂಚೆ ಬ್ಯಾಚಿನಲ್ಲಿ ಎಷ್ಟು ಜನ ಅಂತ ಬರಹದಲ್ಲಿ ಕೇಳಿ, ಅದೇ ಮೇಷ್ಟ್ರು ಬರುತ್ತಾರಾ ಅಂತಲೂ ಕೇಳಿ. ಹೌದು ಅಂದರೆ ಹೋಗಿ. ಪುಸ್ತಿಕೆಯ 300 ರೂಪಾಯಿ ಕೊಡಬೇಡಿ, ಆ ದುಡ್ಡಿಗೆ ಒಂದು ನಾಟಕದ ಪುಸ್ತಕ ಕೊಂಡು ಪೂರ್ತಿ ಓದಿಕೊಂಡು ಹೋಗಿ. ಡಬ್ಬಿಯಲ್ಲಿ ಅನ್ನ ಸಾರು ಸ್ವಲ್ಪ ಜಾಸ್ತಿ ಹಾಕಿಸಿಕೊಳ್ಳಿ. ಆ ತುಮಕೂರಿನ ಹುಡುಗ ನನ್ನ ನಂತರ ಇನ್ನಿಬ್ಬರಿಗೆ ಅಪ್ಪಣ್ಣನಾಗಿ, ಊಟದ ಹೊತ್ತಿಗೆ ಡಬ್ಬಿ ಖಾಲಿ ಮಾಡಿಕೊಂಡು ಕೂತಿದ್ದ.