ರಾಗಿಯೋ, ಇದ್ದಿಲೋ, ಕಲ್ಲಿದ್ದಲೋ: ಮಾಡೆಲ್ ರೈಲಿಗೊಂದು ನಡೆಯುವ ಗಣಿ

ಮಾಡೆಲ್ ರೈಲು ಇಟ್ಟುಕೊಂಡವರ ಮನೆಗೆ ಹೋದರೆ ವ್ಯಾಗನ್ ತುಂಬ ಕಲ್ಲಿದ್ದಲು ಕಾಣುತ್ತದೆ. ಮುಟ್ಟಿ ನೋಡಿದರೆ ಅದು ಅಂಟಿಸಿದ ಪ್ಲಾಸ್ಟಿಕ್. ರೈಲು ಇಡೀ ದಿನ ಸುತ್ತಿದರೂ ಆ ಲೋಡು ಇಳಿಯುವುದಿಲ್ಲ, ಹೊಸದು ಏರುವುದಿಲ್ಲ. ನನಗೆ ಅದು ಸಾಲಲಿಲ್ಲ. ಖಾಲಿ ವ್ಯಾಗನ್ ಗಣಿಯ ಕೆಳಗೆ ಬರಬೇಕು, ಮೇಲಿಂದ ಕಲ್ಲಿದ್ದಲು ಸುರಿಯಬೇಕು, ತುಂಬಿದ ರೈಲು ವಿದ್ಯುತ್ ಸ್ಥಾವರಕ್ಕೆ ಹೋಗಿ ಖಾಲಿಯಾಗಬೇಕು. ರಾಜಾಜಿನಗರದ ನಮ್ಮ ಮನೆಯ ಮಹಡಿ ರೂಮಿನಲ್ಲಿ, ಎಂಟಡಿ ನಾಲ್ಕಡಿಯ ಒಂದೇ ಪ್ಲೈವುಡ್ ಹಲಗೆಯ ಮೇಲೆ ಇದನ್ನು ಕಟ್ಟಲು ಎರಡು ವರ್ಷ ಹಿಡಿಯಿತು. ಹೆಚ್ಚುಕಡಿಮೆ ಎಲ್ಲ ಕೆಲಸವನ್ನೂ ಎರಡು ಮೂರು ಥರ ಮಾಡಿ ನೋಡಿದ್ದೇನೆ. ಯಾವುದು ನಿಂತಿತು, ಯಾವುದು ಕೈಕೊಟ್ಟಿತು ಅಂತ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಲ್ಲಿದ್ದಲು ಅಂತ ಯಾವ ಕಾಳನ್ನು ಸುರಿಯುತ್ತೀರಿ ಅನ್ನುವುದನ್ನು ಎಲ್ಲಕ್ಕಿಂತ ಮುಂಚೆ ಗೊತ್ತುಮಾಡಿಕೊಳ್ಳಿ. ಬಂಕರಿನ, ಅಂದರೆ ಹಳಿಯ ಮೇಲೆ ಕಲ್ಲಿದ್ದಲು ತುಂಬಿಡುವ ಡಬ್ಬದ, ಬಾಯಿ ಎಷ್ಟು ಅಗಲ, ಇಂಜಿನ್ ಎಷ್ಟು ಭಾರ ಎಳೆಯಬೇಕು, ಹಳಿಯನ್ನು ವಾರಕ್ಕೆಷ್ಟು ಸಲ ಒರೆಸಬೇಕು, ಎಲ್ಲ ಆ ಕಾಳಿನ ಮೇಲೆಯೇ ನಿಂತಿದೆ. ನಾನು ಹಳಿ ಹಾಕಿ, ಬಂಕರ್ ಕಟ್ಟಿ, ಆಮೇಲೆ ಕಾಳು ಹುಡುಕಲು ಹೊರಟೆ. ಹಾಗಾಗಿ ಬಂಕರನ್ನು ಮೂರು ಸಲ ಒಡೆದು ಕಟ್ಟಬೇಕಾಯಿತು.

ಅಳತೆಯ ವಿಷಯ ಬೇಗ ಮುಗಿಸುತ್ತೇನೆ. ಎಚ್‌ಒ ಅಂದರೆ 1:87, ನಿಜವಾದ ರೈಲಿನ 87ನೇ ಒಂದು ಪಾಲು, ಹಳಿಗಳ ನಡುವಿನ ಅಂತರ 16.5 ಮಿ.ಮೀ. ಎನ್ ಅಂದರೆ 1:160, ಅಂತರ 9 ಮಿ.ಮೀ. ನಮ್ಮ ಬೆಂಗಳೂರಿನ ರೂಮುಗಳಿಗೆ ಎನ್ ಸರಿ ಅಂತ ಎಲ್ಲರೂ ಹೇಳುತ್ತಾರೆ. ಸುಮ್ನೆ ಓಡುವ ರೈಲಿಗಾದರೆ ಅದು ನಿಜ. ಸ್ನೇಹಿತರೊಬ್ಬರ ಎನ್ ಸೆಟ್ ತಂದು ಒಂದು ತಿಂಗಳು ಪ್ರಯತ್ನಿಸಿದೆ. ಕಲ್ಲಿದ್ದಲು ಸಾಗಿಸುವ ನಮ್ಮ ರೈಲ್ವೆಯ ತೆರೆದ ಬಾಕ್ಸ್‌ಎನ್ ವ್ಯಾಗನ್‌ನೊಳಗೆ ಸುಮಾರು 56 ಘನ ಮೀಟರ್ ಜಾಗ ಇರುತ್ತದೆ. ಎಚ್‌ಒಗೆ ಇಳಿಸಿದರೆ ಅದು 85 ಮಿ.ಲೀ., ಎನ್‌ಗೆ ಇಳಿಸಿದರೆ ಬರೀ 14 ಮಿ.ಲೀ. ಒಂದು ಬೈಟು ಕಾಫಿ ಲೋಟ, ಇನ್ನೊಂದು ಊಟದ ಚಮಚ. ಅಷ್ಟು ಸಣ್ಣ ವ್ಯಾಗನ್‌ಗೆ ಮೇಲಿಂದ ಸುರಿದರೆ ಅರ್ಧ ಹೊರಗೆ ಬೀಳುತ್ತದೆ, ನಾಲ್ಕು ಕಾಳು ಹಳಿಗೆ ಸಿಕ್ಕರೂ ಚಕ್ರ ಹಳಿ ತಪ್ಪುತ್ತದೆ. ಎಚ್‌ಒಗೆ ಬಂದೆ. 18 ಇಂಚು ತ್ರಿಜ್ಯದ ತಿರುವು ನಾಲ್ಕಡಿ ಹಲಗೆಯಲ್ಲಿ ಹೇಗೋ ಕೂರುತ್ತದೆ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., ಲೆಕ್ಕದ ಪ್ರಕಾರ ಎಚ್‌ಒದಲ್ಲಿ ಹಳಿಗಳ ಅಂತರ 19 ಮಿ.ಮೀ. ದಾಟಬೇಕು. ಹಾಗಾಗಿ ಭಾರತದ ವ್ಯಾಗನ್ ಈ ಹಳಿಯ ಮೇಲೆ ಸ್ವಲ್ಪ ದಪ್ಪಗೆ ಕಾಣುತ್ತದೆ. ನನ್ನ ಕಣ್ಣಿಗೆ ಒಂದು ವಾರದಲ್ಲಿ ಒಗ್ಗಿತು.

ಈಗ ಕಾಳಿನ ವಿಷಯ.

ಮೊದಲು ರಾಗಿ. ಒಂದೂವರೆ ಮಿ.ಮೀ. ಕಾಳು 1:87ರಲ್ಲಿ 13 ಸೆಂ.ಮೀ. ಉಂಡೆಯಾಗುತ್ತದೆ, ಕಲ್ಲಿದ್ದಲಿಗೆ ಹೇಳಿ ಮಾಡಿಸಿದ ಗಾತ್ರ. ಎರಡು ಮಿ.ಮೀ. ಸಾಸಿವೆಯನ್ನೂ ನೋಡಿದೆ, ಅದು 17 ಸೆಂ.ಮೀ. ಆಗಿ ಸ್ವಲ್ಪ ದೊಡ್ಡದಾಯಿತು. ರಾಗಿಗೆ ಕಪ್ಪು ಇಂಕು ಕಲಸಿ ಬಿಸಿಲಲ್ಲಿ ಒಣಗಿಸಿದೆ. ಬಂಕರಿನ ಬಾಯಿ ತೆಗೆದರೆ ನೀರಿನ ಹಾಗೆ ಇಳಿಯುತ್ತಿತ್ತು, ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ. ಬರೀ ಹರಿವು ನೋಡಿದರೆ ಇವತ್ತಿಗೂ ರಾಗಿಯೇ ಮೊದಲು. ಆದರೆ ದುಂಡಗಿರುವ ಕಾಳು ರಾಶಿ ನಿಲ್ಲುವುದಿಲ್ಲ. ವ್ಯಾಗನ್‌ನ ನಡುವೆ ಗುಡ್ಡೆ ಏಳಬೇಕು ಅಲ್ವಾ, ಅದು ತಟ್ಟೆಯಲ್ಲಿ ಹರವಿದ ಹಾಗೆ ಚಪ್ಪಟೆಯಾಗುತ್ತಿತ್ತು. ಮಳೆಗಾಲ ಬಂದ ಮೂರೇ ವಾರಕ್ಕೆ ಇರುವೆ ಸಾಲು ಹಿಡಿಯಿತು. ಆಮೇಲೆ ಹುಳ.

ಅಷ್ಟರಲ್ಲಿ ಅಮ್ಮ ಮೇಲೆ ಬಂದು ನೋಡಿದರು. ಹಳಿಯ ಪಕ್ಕ ಚೆಲ್ಲಿದ್ದ ನಾಲ್ಕು ಕಾಳು ಹೆಕ್ಕಿ ಅಂಗೈಯಲ್ಲಿ ಇಟ್ಟುಕೊಂಡು, ‘ಇದು ರಾಗಿ ಅಲ್ವೇನೋ? ಮುದ್ದೆ ಆಗೋದಕ್ಕೆ ಮಸಿ ಬಳಿದಿದ್ದೀಯಲ್ಲೋ’ ಅಂದರು. ನಾನು ಏನೂ ಹೇಳಲಿಲ್ಲ. ಅವರು ಹೇಳಿದ್ದು ಸರಿ ಅನ್ನಿಸಿತು. ತಿನ್ನುವ ಕಾಳನ್ನು ಆಮೇಲೆ ಗಣಿಗೆ ತಂದಿಲ್ಲ.

ಎರಡನೆಯದು ಇದ್ದಿಲು. ನಮ್ಮ ಬೀದಿಯ ಇಸ್ತ್ರಿ ಗಾಡಿಯವರು ಚೀಲದ ತಳದಲ್ಲಿ ಉಳಿದ ಚೂರನ್ನು ‘ತಗೊಳಿ ಸಾರ್, ನಮಗೆ ಬೇಡ’ ಅಂತ ಹಾಗೇ ಕೊಟ್ಟರು. ಇದ್ದಿಲು ಮರದ್ದು, ತುಂಬ ಹಗುರ. ವ್ಯಾಗನ್ ತುಂಬಿದರೂ 30 ಗ್ರಾಂ ಆಗಲಿಲ್ಲ. ಇಂಜಿನ್‌ಗೆ ಆರಾಮ. ತೊಂದರೆ ಏನೆಂದರೆ ಅದು ಮೆತ್ತಗೆ. ಒಂದೊಂದು ಸಲ ಸುರಿದಾಗಲೂ ಇನ್ನಷ್ಟು ಪುಡಿಯಾಗುತ್ತದೆ. ಹತ್ತು ಸುತ್ತು ಆಗುವಷ್ಟರಲ್ಲಿ ಹಳಿಯ ಮೇಲೆ ಕಪ್ಪು ಪದರ, ಹಳಿಯಿಂದ ಚಕ್ರಕ್ಕೆ ಕರೆಂಟ್ ಸಿಗದೆ ಇಂಜಿನ್ ನಿಂತು ನಿಂತು ಹೋಗುತ್ತಿತ್ತು. ತೇವ ಬೇರೆ ಹೀರುತ್ತದೆ. ಜುಲೈ ತಿಂಗಳಲ್ಲಿ ಬಂಕರ್ ತೆಗೆದು ನೋಡಿದರೆ ಹಸಿ ಕಾಫಿ ಗಸಿಯ ಹಾಗೆ ಗೋಡೆಗೆ ಮೆತ್ತಿಕೊಂಡಿತ್ತು.

ಮೂರನೆಯದು ಅಕ್ವೇರಿಯಂ ಅಂಗಡಿಯ ಕಪ್ಪು ಮರಳು. ಧೂಳಿಲ್ಲ, ತೇವಕ್ಕೆ ಏನೂ ಆಗುವುದಿಲ್ಲ, ಹರಿವೂ ಚೆನ್ನಾಗಿದೆ. ಆದರೆ ಭಾರ. ಒಂದು ವ್ಯಾಗನ್‌ಗೆ ಹತ್ತಿರ ಹತ್ತಿರ 130 ಗ್ರಾಂ, ಎಂಟು ವ್ಯಾಗನ್‌ಗೆ ಒಂದು ಕೆ.ಜಿ. ತಿರುವಿನಲ್ಲಿ ಇಂಜಿನ್ ಚಕ್ರ ನಿಂತಲ್ಲೇ ತಿರುಗಿತು. ಇನ್ನೊಂದು ಎಚ್ಚರಿಕೆ: ಈ ಮರಳನ್ನು ತರುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ. ಕೆಲವು ಕಪ್ಪು ಮರಳಿನಲ್ಲಿ ಕಬ್ಬಿಣದ ಅಂಶ ಇರುತ್ತದೆ. ಅದು ಇಂಜಿನ್‌ನೊಳಗೆ ಸೇರಿ ಮೋಟರಿನ ಅಯಸ್ಕಾಂತಕ್ಕೆ ಹಿಡಿದುಕೊಂಡರೆ ಬಿಡಿಸುವುದು ಕಷ್ಟ. ಅಯಸ್ಕಾಂತಕ್ಕೆ ಅಂಟದ ಮರಳೂ ಗೇರಿಗೆ ಒಳ್ಳೆಯದಲ್ಲ, ಹಲ್ಲನ್ನು ತೇಯುತ್ತದೆ.

ಕೊನೆಗೆ ನಿಜವಾದ ಕಲ್ಲಿದ್ದಲು. ಕಮ್ಮಾರರ ಕುಲುಮೆಗೆ ಹಾಕುವುದನ್ನೇ ಎರಡು ಕೆ.ಜಿ. ಕೇಳಿ ತಂದೆ. ಗೋಣಿಚೀಲದಲ್ಲಿ ಸುತ್ತಿ ಸುತ್ತಿಗೆಯಿಂದ ಒಡೆಯಬೇಕು, ಮೂಗಿಗೆ ಮಾಸ್ಕ್ ಇರಲೇಬೇಕು, ಆ ಧೂಳು ಒಳಗೆ ಹೋಗಬಾರದು. ಆಮೇಲೆ ಎರಡು ಜರಡಿ. ದೊಡ್ಡ ಕಣ್ಣಿನ ಜರಡಿಯಲ್ಲಿ ಉಳಿದದ್ದನ್ನು ಮತ್ತೆ ಒಡೆಯುವುದು, ರವೆ ಜರಡಿಯಲ್ಲಿ ಕೆಳಗೆ ಬಿದ್ದದ್ದನ್ನು ಬಿಡುವುದು. ನಡುವೆ ಸಿಕ್ಕ ಒಂದರಿಂದ ಎರಡು ಮಿ.ಮೀ. ಚೂರು ನಮಗೆ ಬೇಕಾದದ್ದು. ಬಕೆಟ್‌ನಲ್ಲಿ ಅಕ್ಕಿ ತೊಳೆದ ಹಾಗೆ ತೊಳೆಯಬೇಕು. ಮೊದಲ ನೀರು ಮಸಿ, ಮೂರನೆಯದು ಬೂದು, ಏಳನೇ ನೀರಿನಲ್ಲಿ ತಳ ಕಂಡಿತು. ಎರಡು ದಿನ ತಾರಸಿಯ ಮೇಲೆ ಪೇಪರ್ ಹಾಸಿ ಒಣಗಿಸಿದೆ. ಒಣಗಿದ ಮೇಲೆ ನೋಡಬೇಕು ಅದರ ಚೆಂದ! ಮುರಿದ ಮುಖಗಳು ಬಿಸಿಲಿಗೆ ಒಂದೊಂದಾಗಿ ಮಿಂಚುತ್ತವೆ. ಯಾವ ಬಣ್ಣ ಬಳಿದರೂ ಆ ಹೊಳಪು ಬರುವುದಿಲ್ಲ. ವ್ಯಾಗನ್‌ಗೆ 70 ಗ್ರಾಂ, ನನ್ನ ಇಂಜಿನ್ ಎಂಟು ವ್ಯಾಗನ್ ಸಲೀಸಾಗಿ ಎಳೆಯುತ್ತದೆ. ರಾಶಿಯೂ ಗುಡ್ಡೆಯಾಗಿ ನಿಲ್ಲುತ್ತದೆ.

ಕಲ್ಲಿದ್ದಲಿಗೆ ಇರುವುದು ಒಂದೇ ದೋಷ, ಆದರೆ ದೊಡ್ಡದು. ಚೂರುಗಳು ಮೂಲೆ ಮೂಲೆಯಾಗಿರುವುದರಿಂದ ಬಾಯಿಯ ಹತ್ತಿರ ಒಂದಕ್ಕೊಂದು ಹೆಗಲು ಕೊಟ್ಟು ಕಮಾನು ಕಟ್ಟಿಕೊಳ್ಳುತ್ತವೆ. ಮೇಲೆ ಬಂಕರ್ ತುಂಬಿದೆ, ಬಾಗಿಲು ತೆಗೆದಿದೆ, ಒಂದು ಚೂರೂ ಬೀಳುತ್ತಿಲ್ಲ. ರಾಗಿಗೆ 8 ಮಿ.ಮೀ. ಬಾಯಿ ಸಾಕಾಗಿತ್ತು, ಇದಕ್ಕೆ 16 ಮಿ.ಮೀ. ಮಾಡಿದೆ. ಒಳಗೋಡೆಯನ್ನು ಇನ್ನಷ್ಟು ಕಡಿದಾಗಿಸಿದೆ. ಹಳೇ ಮೊಬೈಲಿನ ವೈಬ್ರೇಟರ್ ಮೋಟರನ್ನು ಬಂಕರಿನ ಹೊರಗೆ ಅಂಟಿಸಿದೆ. ಮೊದಮೊದಲು ಅದನ್ನು ಸದಾ ನಡುಗಿಸುತ್ತಿದ್ದೆ, ಇನ್ನೂ ಜಾಸ್ತಿ ಸಿಕ್ಕಿಕೊಂಡಿತು. ಬಾಯಿ ಮುಚ್ಚಿರುವಾಗ ನಡುಗಿಸಿದರೆ ಚೂರುಗಳು ಒತ್ತಾಗಿ ಕೂರುತ್ತವೆ. ಬಾಗಿಲು ತೆರೆದಾಗ ಮಾತ್ರ ನಡುಗಬೇಕು. ಹಾಗೆ ಮಾಡಿದ ದಿನದಿಂದ ಕಮಾನು ಕಟ್ಟಿಲ್ಲ.

ಸುರಿಯುವ ದಾರಿಯಲ್ಲೂ ಮೂರು ಆಯ್ಕೆ ಇವೆ. ಕನ್ವೇಯರ್ ಬೆಲ್ಟ್ ನೋಡಲು ಎಲ್ಲಕ್ಕಿಂತ ಚೆಂದ. ಚಿಕ್ಕಪೇಟೆಯಲ್ಲಿ ಹೊಲಿಗೆ ಸಾಮಾನಿನ ಅಂಗಡಿಯಿಂದ ಕಪ್ಪು ಎಲಾಸ್ಟಿಕ್ ಪಟ್ಟಿ ತಂದು ಬೆಲ್ಟ್ ಮಾಡಿದೆ. ಓಡಿತು. ಆದರೆ ಎರಡು ವ್ಯಾಗನ್ ನಡುವಿನ ಸಂದು ಬಂದಾಗ ಬೆಲ್ಟ್ ನಿಲ್ಲಿಸಿದರೂ ತುದಿಯಲ್ಲಿ ಇರುವಷ್ಟು ಉದುರಿಯೇ ಉದುರುತ್ತದೆ. ಬಂಕರಿನ ಕೆಳಗೆ ಸರ್ವೊ (ಹೇಳಿದಷ್ಟೇ ತಿರುಗಿ ನಿಲ್ಲುವ ಮೋಟರ್) ಬಾಗಿಲು ಇಟ್ಟರೆ ಈ ತೊಂದರೆ ಇಲ್ಲ. ಎಸ್.ಪಿ. ರೋಡಿನಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುವ 9 ಗ್ರಾಂನ ಪುಟ್ಟ ಸರ್ವೊ ಸಾಕು, ಟಕ್ಕಂತ ಮುಚ್ಚುತ್ತದೆ. ಈಗ ನನ್ನ ಗಣಿಯಲ್ಲಿ ಬೆಲ್ಟ್ ಇದೆ, ಅದರ ಮೇಲೆ ಕಲ್ಲಿದ್ದಲು ಚೂರು ಅಂಟಿಸಿದ್ದೇನೆ, ಅದು ನೋಟಕ್ಕೆ. ನಿಜವಾದ ಸುರಿತ ಬಂಕರಿನಿಂದ.

ಮೂರನೆಯದು ಗೋಡೆಯ ಉಪಾಯ. ಹಲಗೆಯ ನಡುವೆ ಒಂದು ಗೋಡೆ, ಈ ಕಡೆ ಗಣಿ, ಆ ಕಡೆ ಸ್ಥಾವರ, ಹಳಿ ಗೋಡೆಯ ತೂತಿನಲ್ಲಿ ಎರಡಕ್ಕೂ ಸೇರಿಕೊಂಡಿರುತ್ತದೆ. ಗಣಿಗೆ ತಳ್ಳಿದ ಖಾಲಿ ವ್ಯಾಗನ್‌ಗಳು ಆ ಕಡೆ ಸ್ಥಾವರದಿಂದ ಖಾಲಿಯಾಗಿ ಹೊರಬಂದ ಹಾಗೆ ಕಾಣುತ್ತವೆ. ಸ್ಥಾವರಕ್ಕೆ ತಳ್ಳಿದ ತುಂಬಿದ ವ್ಯಾಗನ್‌ಗಳು ಈ ಕಡೆ ಗಣಿಯಿಂದ ತುಂಬಿ ಬಂದ ಹಾಗೆ. ಒಂದು ಚೂರೂ ಚೆಲ್ಲುವುದಿಲ್ಲ. ಪುಟ್ಟ ಮಕ್ಕಳಿರುವ ಮನೆಗೆ, ಬಾಡಿಗೆ ಮನೆಗೆ ನಾನು ಹೇಳುವುದು ಇದನ್ನೇ. ನಾನು ಎರಡು ತಿಂಗಳು ಹೀಗೆ ಓಡಿಸಿದೆ, ನೋಡಿದವರೆಲ್ಲ ನಂಬಿದರು. ಆದರೆ ಸುರಿಯುವಾಗ ಬರುವ ಆ ಸದ್ದು ಇಲ್ಲ. ಕಲ್ಲಿದ್ದಲು ಖಾಲಿ ವ್ಯಾಗನ್‌ನ ತಳಕ್ಕೆ ಬಿದ್ದಾಗ ಮೊದಲು ಟಪಟಪ ಅಂತ ಶುರುವಾಗಿ, ತುಂಬುತ್ತಾ ಬಂದ ಹಾಗೆ ಮೆತ್ತಗಾಗುತ್ತದೆ. ಅದಕ್ಕೋಸ್ಕರವೇ ಮತ್ತೆ ಬಂಕರ್ ಕಟ್ಟಿದೆ.

ವ್ಯಾಗನ್ ಬಂದಿದೆ ಅಂತ ಸರ್ವೊಗೆ ಹೇಳಲು ಐಆರ್ ಸೆನ್ಸರ್ (ಕಣ್ಣಿಗೆ ಕಾಣದ ಬೆಳಕು ಬಿಟ್ಟು, ಅದು ತಾಗಿ ವಾಪಸ್ ಬಂದರೆ ಗುರುತಿಸುವಂಥದ್ದು) ಹಾಕಿ ಕೈಸುಟ್ಟುಕೊಂಡೆ. ಕಪ್ಪು ವ್ಯಾಗನ್, ಕಪ್ಪು ಲೋಡು, ಐಆರ್ ಬೆಳಕು ವಾಪಸ್ಸೇ ಬರುವುದಿಲ್ಲ. ವ್ಯಾಗನ್ ತಳಕ್ಕೆ ಪುಟ್ಟ ಅಯಸ್ಕಾಂತ ಅಂಟಿಸಿ, ಹಳಿಯ ನಡುವೆ ಅಯಸ್ಕಾಂತವನ್ನು ಗುರುತಿಸುವ ಹಾಲ್ ಸೆನ್ಸರ್ ಹುಗಿದರೆ ಒಂದೂ ತಪ್ಪುವುದಿಲ್ಲ. ಬಂಕರಿನ ಕೆಳಗೆ ವ್ಯಾಗನ್ ಎಂಟು ಸೆಕೆಂಡಿನಲ್ಲಿ ದಾಟಬೇಕು, ಅಷ್ಟು ನಿಧಾನ. ಹಳಿಯ ವೋಲ್ಟೇಜ್ ಏರಿಸಿ ಇಳಿಸುವ ಮಾಮೂಲಿ ಡಿಸಿ ಕಂಟ್ರೋಲರ್‌ನಲ್ಲಿ ಇಂಜಿನ್ ಜಗ್ಗಿ ಜಗ್ಗಿ ಹೋಯಿತು. ಇಂಜಿನ್‌ಗೆ ಡಿಜಿಟಲ್ ಆಜ್ಞೆ ಕಳಿಸುವ ಡಿಸಿಸಿಯಲ್ಲಿ ರೇಷ್ಮೆಯ ಹಾಗೆ ಹೋಗುತ್ತದೆ, ಬೆಲೆಯೂ ಹಾಗೇ. ಕರೆಂಟನ್ನು ತುಂಡು ತುಂಡಾಗಿ ಬಿಡುವ ಪಿಡಬ್ಲ್ಯುಎಂ ಕಂಟ್ರೋಲರ್ ಕಡಿಮೆ ದುಡ್ಡಿಗೆ ಮುಕ್ಕಾಲು ಪಾಲು ಕೆಲಸ ಮಾಡಿಕೊಟ್ಟಿತು. ಇಂಜಿನ್ ಒಂದೇ ಇದ್ದರೆ ಅದು ಸಾಕು.

ಗಣಿಯ ಮೇಲಿನ ಗಾಲಿಗೋಪುರಕ್ಕೆ, ಅಂದರೆ ಆಳದಿಂದ ಪಂಜರ ಎಳೆಯುವ ಹಗ್ಗದ ಗಾಲಿಗಳು ಇರುವ ಗೋಪುರಕ್ಕೆ, ಮಾದರಿ ಬೇಕಿತ್ತು. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ಹಾಗಾಗಿ ಒಂದು ಭಾನುವಾರ ಮಾರಿಕುಪ್ಪಂ ರೈಲು ಹತ್ತಿ ಕೆಜಿಎಫ್‌ಗೆ ಹೋಗಿ ಬಂದೆ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಉಕ್ಕಿನ ಗೋಪುರಗಳು ಇನ್ನೂ ನಿಂತಿವೆ. ಚಿನ್ನವಾಗಲಿ ಕಲ್ಲಿದ್ದಲಾಗಲಿ, ಆಳದಿಂದ ಹಗ್ಗದಲ್ಲಿ ಎಳೆಯುವ ಕೆಲಸ ಒಂದೇ. ಒಂದು ಪಂಜರ ಮೇಲೆ ಬರುವಾಗ ಇನ್ನೊಂದು ಕೆಳಗಿಳಿಯುತ್ತದೆ, ಅದಕ್ಕೇ ಎರಡು ಗಾಲಿಗಳನ್ನು ಎದುರುಬದುರು ದಿಕ್ಕಿಗೆ ತಿರುಗಿಸಿದ್ದೇನೆ. ವೇಗಕ್ಕೆ ಲೆಕ್ಕ ಹಾಕಿದೆ: ಗಾಲಿಯ ವ್ಯಾಸ 5 ಮೀಟರ್, ಹಗ್ಗ ಸೆಕೆಂಡಿಗೆ 10 ಮೀಟರ್ ಅಂದರೆ ನಿಮಿಷಕ್ಕೆ 38 ಸುತ್ತು (ಆರ್‌ಪಿಎಂ). 100 ಆರ್‌ಪಿಎಂ ಗೇರ್ ಮೋಟರ್ ಫ್ಯಾನಿನ ಹಾಗೆ ಕಂಡಿತು, 10ರದ್ದು ಸತ್ತ ಹಾಗೆ. 12 ವೋಲ್ಟಿನ 60 ಆರ್‌ಪಿಎಂ ಮೋಟರನ್ನು ಕಡಿಮೆ ವೋಲ್ಟಿನಲ್ಲಿ ಓಡಿಸಿದಾಗ ಸರಿಹೋಯಿತು.

ಇಳಿಸುವ ಕಡೆ ನಿಜವಾದ ರೈಲ್ವೆಯಲ್ಲೂ ಎರಡು ದಾರಿ. ಬಾಬ್ರ್ ವ್ಯಾಗನ್‌ಗಳ ಹೊಟ್ಟೆಯ ಬಾಗಿಲು ಗಾಳಿಯ ಒತ್ತಡದಿಂದ ತೆರೆದು ಕಲ್ಲಿದ್ದಲು ಹಳಿಯ ಕೆಳಗಿನ ಗುಂಡಿಗೆ ಬೀಳುತ್ತದೆ. ಬಾಕ್ಸ್‌ಎನ್‌ಗೆ ಆ ಬಾಗಿಲಿಲ್ಲ, ಟಿಪ್ಲರ್ ಅದನ್ನು ಹಿಡಿದು ಬೋರಲು ಮಾಡುತ್ತದೆ. ರಾಯಚೂರಿನ ಶಕ್ತಿನಗರದಂಥ ಸ್ಥಾವರ ನನ್ನ ಮನಸ್ಸಿನಲ್ಲಿತ್ತು. ಮೊದಲು ಹೊಟ್ಟೆಯ ಬಾಗಿಲು ಮಾಡಿದೆ. ಒಂದೇ ಒಂದು ಚೂರು ಬಾಗಿಲ ಅಂಚಿಗೆ ಸಿಕ್ಕರೂ ಅದು ಪೂರ್ತಿ ಮುಚ್ಚುವುದಿಲ್ಲ, ದಾರಿಯುದ್ದಕ್ಕೂ ಹಳಿಯ ಮೇಲೆ ಚೆಲ್ಲುತ್ತಾ ಬರುತ್ತದೆ. ಟಿಪ್ಲರ್‌ಗೆ 110 ಮಿ.ಮೀ. ಪಿವಿಸಿ ಪೈಪಿನ ತುಂಡು ಸಾಕಾಯಿತು. ಎಚ್‌ಒ ಬಾಕ್ಸ್‌ಎನ್ ಅಗಲ, ಎತ್ತರ ಎರಡೂ 37 ಮಿ.ಮೀ., ಉದ್ದ 123. ಪೈಪಿನೊಳಗೆ ಹಳಿಯ ತುಂಡು, ವ್ಯಾಗನ್ ಮೇಲಂಚನ್ನು ಹಿಡಿಯಲು ಎರಡು ಪಟ್ಟಿ, ತಿರುಗಿಸಲು ಗೇರ್ ಮೋಟರ್. ಒಂದೊಂದೇ ವ್ಯಾಗನ್ ಬಿಡಿಸಿ ತಳ್ಳಬೇಕು, ಎಂಟಕ್ಕೆ ಕಾಲು ಗಂಟೆ ಬೇಕು. ಆದರೂ ನನ್ನ ಆಯ್ಕೆ ಟಿಪ್ಲರ್. ವ್ಯಾಗನ್ ಮೆಲ್ಲಗೆ ಮಗ್ಗುಲಾಗಿ, ರಾಶಿ ಜಾರಲು ಶುರುವಾಗುವ ಆ ಒಂದು ಗಳಿಗೆಗೆ ನೋಡುವವರೆಲ್ಲ ಬಗ್ಗಿ ನಿಲ್ಲುತ್ತಾರೆ.

ಟಿಪ್ಲರ್ ಕೆಳಗೆ ಒಂದು ಸ್ಟೀಲ್ ಡಬ್ಬ ಇದೆ. ಅಕ್ಕನ ಮಗ ಭಾನುವಾರ ಬಂದಾಗ ಅದನ್ನು ಎತ್ತಿಕೊಂಡು ಹೋಗಿ ಸೌಟಿನಲ್ಲಿ ಬಂಕರಿಗೆ ತುಂಬುತ್ತಾನೆ. ‘ಮಾವ, ಇದಕ್ಕೂ ಒಂದು ಮೋಟರ್ ಹಾಕೋಣ’ ಅಂತ ಕಳೆದ ವಾರ ಕೇಳಿದ. ಬಕೆಟ್ ಸರಪಳಿ ಒಂದು, ತಿರುಪಿನ ಕೊಳವೆ ಒಂದು, ಎರಡನ್ನೂ ಪೇಪರಿನ ಮೇಲೆ ಬರೆದಿಟ್ಟಿದ್ದೇವೆ. ಸರಪಳಿಯಿಂದ ಶುರು ಮಾಡುತ್ತೇವೆ.