ಲೈಕಾ ಟ್ರೈ-ಎಲ್ಮಾರ್ 28-35-50: ಫ್ಲೇರ್ ಬರತ್ತಾ ಇಲ್ವಾ ಅನ್ನೋ ಜಗಳ

ಈ ಲೆನ್ಸ್ ಇರೋ ಇಬ್ಬರನ್ನ ಒಂದೇ ಕಡೆ ಕೂರಿಸಿದ್ರೆ ಸಾಕು, ಜಗಳ ಶುರು. ಒಬ್ಬ ಬೆಳಕಿನ ಕಡೆ ತಿರುಗಿಸಿದ್ರೆ ಫ್ಲೇರ್ ಬರತ್ತೆ, ಅಂದ್ರೆ ಬೇಡದ ಬೆಳಕು ಲೆನ್ಸೊಳಗೆ ಚೆದುರಿ ಫೋಟೋ ಮೇಲೆ ಹಾಲು ಚೆಲ್ಲಿದಂಗೆ ಆಗತ್ತೆ ಅಂತಾನೆ, ಇನ್ನೊಬ್ಬ ನಾನು ವರ್ಷಗಟ್ಲೆ ಬಳಸ್ತಿದೀನಿ ಒಂದು ಸಲಾನೂ ನೋಡಿಲ್ಲ, ನಿಂಗೆ ಕ್ಯಾಮೆರಾ ಹಿಡಿಯೋಕೆ ಬರಲ್ಲ ಅಂತಾನೆ. ನಾನೂ ನನ್ನ ಫ್ರೆಂಡೂ ಇದೇ ಥರ ಕಿತ್ತಾಡಿದ್ದೀವಿ. ನಾನು ಹಾಲು ಚೆಲ್ಲಿದ ಪಾರ್ಟಿ.

ಗೊತ್ತಿಲ್ದೇ ಇರೋರಿಗೆ ಹೇಳ್ತೀನಿ, ಇದು ಝೂಮ್ ಅಲ್ಲ. 1998ರಲ್ಲಿ ಬಂದ ಎಂ ಮೌಂಟ್ (ಲೈಕಾ ಎಂ ಕ್ಯಾಮೆರಾಗೆ ಕೂರೋ) ಲೆನ್ಸು, ರಿಂಗ್ ತಿರುಗಿಸಿದ್ರೆ 28, 35, 50 ಎಂಎಂ (ಇದೇ ಫೋಕಲ್ ಲೆಂತ್, ಕಮ್ಮಿ ಇದ್ದಷ್ಟೂ ಫೋಟೋ ಅಗಲ) ಮೂರು ಕಡೆ ಟಕ್ ಅಂತ ನಿಲ್ಲತ್ತೆ, ನಡುವಿನದ್ದು ಯಾವುದೂ ಇಲ್ಲ, ತಿರುಗಿಸ್ತಾ ಇದ್ದಂಗೇ ವ್ಯೂಫೈಂಡರ್ ಒಳಗಿನ ಫ್ರೇಮ್ ಗೆರೆನೂ ತಾನಾಗೇ ಬದಲಾಗತ್ತೆ (ಇದನ್ನ ಮೊದಲ ಸಲ ನೋಡಿದಾಗ ಸುಮ್ನೆ ಹತ್ತು ಸಲ ಆ ಕಡೆ ಈ ಕಡೆ ತಿರುಗಿಸ್ತಾ ಕೂತಿದ್ದೆ). ಮೂರಕ್ಕೂ ಎಫ್4, ಅಂದ್ರೆ ಬೆಳಕು ಬರೋ ತೂತು ಅದಕ್ಕಿಂತ ದೊಡ್ಡದಾಗಿ ತೆರೆಯಲ್ಲ. ಈಗ ತಯಾರಾಗಲ್ಲ, ಸೆಕೆಂಡ್ ಹ್ಯಾಂಡೇ ಗತಿ.

ಜಗಳದ ಅರ್ಧ ಈ ಸೆಕೆಂಡ್ ಹ್ಯಾಂಡಲ್ಲೇ ಇದೆ. ನಾನು ತಗೊಂಡಾಗ ಮಾರಿದೋರು ಗ್ಲಾಸ್ ಕ್ಲೀನ್ ಇದೆ ಅಂದ್ರು, ಕಿಟಕಿ ಕಡೆ ಹಿಡಿದು ನೋಡಿದ್ರೆ ನಂಗೂ ಹಂಗೇ ಕಾಣಿಸ್ತು. ಫ್ರೆಂಡು ಒಂದಿನ ಕತ್ತಲೆ ರೂಮಲ್ಲಿ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ತೋರಿಸ್ದ, ಒಳಗಿನ ಒಂದು ಗ್ಲಾಸ್ ಮೇಲೆ ತೆಳ್ಳಗೆ ಮಂಜು ಕೂತಿದೆ. ಅಷ್ಟು ದಿನ ಡಿಸೈನೇ ಸರಿಯಿಲ್ಲ ಅಂತ ವಾದ ಮಾಡಿದ ನನ್ನ ಮುಖ ಹೆಂಗಿತ್ತೋ. ಬಿಚ್ಚಿ ಕ್ಲೀನ್ ಮಾಡಿಸಿದ ಮೇಲೆ ಇಡೀ ಫೋಟೋ ಮಂಕಾಗೋದು ನಿಂತೋಯ್ತು, ಕಪ್ಪು ಕಪ್ಪಾಗೇ ಬಂತು. ಹಳೇ ಯುವಿ ಫಿಲ್ಟರ್‌ನೂ ತೆಗೆದು ಬಿಸಾಕಿದೆ, ಸೂರ್ಯನ ಎದುರು ಅದೊಂದು ಎಕ್ಸ್‌ಟ್ರಾ ಕನ್ನಡಿ ಅಷ್ಟೇ.

ಆದ್ರೆ ಪೂರ್ತಿ ಹೋಯ್ತಾ? ಇಲ್ಲ. ಸೂರ್ಯ ಫ್ರೇಮಿಂದ ಸ್ವಲ್ಪ ಆಚೆ ಇದ್ದಾಗ ಒಂದು ಮೂಲೆಯಿಂದ ಬಿಳಿ ಪರದೆ ಎಳೆದಂಗೆ ಬರೋದು ಈಗಲೂ ಇದೆ. ಒಳಗೆ 6 ಗುಂಪಲ್ಲಿ 8 ಗ್ಲಾಸ್ (ಅಂಟಿಸಿದ ಗ್ಲಾಸ್‌ಗಳು ಸೇರಿ ಒಂದೇ ಗುಂಪು), ಅಂದ್ರೆ ಒಂದು ಗುಂಪಿಗೆ ಎರಡರಂತೆ ಗಾಳಿಗೆ ತಾಗೋ ಮೈ 12. ಗ್ಲಾಸ್ ಮೇಲೆ ಹಚ್ಚೋ ತೆಳು ಪದರ, ಅಂದ್ರೆ ಕೋಟಿಂಗ್, ಇಲ್ದೇ ಇದ್ರೆ ಒಂದೊಂದು ಮೈಯಿಂದಲೂ ಸುಮಾರು 4% ಬೆಳಕು ವಾಪಸ್ ಹೊಡೆಯತ್ತೆ, ಕೋಟಿಂಗ್ ಅದನ್ನ ತುಂಬಾ ಕಮ್ಮಿ ಮಾಡತ್ತೆ ಹೊರತು ಸೊನ್ನೆ ಮಾಡಲ್ಲ. ಒಂದೇ ಫೋಕಲ್ ಲೆಂತಿನ ಲೈಕಾ ಲೆನ್ಸ್ 50 ಸಮ್ಮಿಕ್ರಾನಲ್ಲಿ 4 ಗುಂಪು, 8 ಮೈ, ಅದರ ಜೊತೆ ಹೋಲಿಸಿ ಬೈಯೋದು ಅಷ್ಟು ನ್ಯಾಯ ಅಲ್ಲ.

ನಂಗೆ ತಡವಾಗಿ ಹೊಳೆದಿದ್ದು ಹುಡ್, ಅಂದ್ರೆ ಪಕ್ಕದ ಬೆಳಕು ತಡೆಯೋಕೆ ಲೆನ್ಸ್ ಮುಂದೆ ಹಾಕೋ ಮರೆಯ ವಿಷಯ. ಹುಡ್ ಒಂದೇ, ಅದು 28ರಲ್ಲಿ ಫೋಟೋದೊಳಗೆ ಕಾಣಿಸ್ಕೋಬಾರದು, ಹಂಗಾಗಿ 75 ಡಿಗ್ರಿ ಅಗಲ ಬಿಟ್ಟೇ ಇರ್ಬೇಕು. 50ಕ್ಕೆ ತಿರುಗಿಸಿದ್ರೆ ಫೋಟೋಗೆ ಬೇಕಿರೋದು 47 ಡಿಗ್ರಿ, ಮಿಕ್ಕಿದ್ದರಿಂದ ಬೇಡದ ಬೆಳಕು ಆರಾಮಾಗಿ ಒಳಗೆ ಬರತ್ತೆ. ಇದರ ಮೇಲೆ ಲೈಕಾ ಎಂ ಥರದ ರೇಂಜ್‌ಫೈಂಡರಲ್ಲಿ ನಾವು ನೋಡೋದು ಬೇರೆ ಕಿಟಕಿಯಿಂದ, ಲೆನ್ಸ್ ಮೂಲಕ ಅಲ್ವಲ್ಲ, ಫ್ಲೇರ್ ಬಂದಿದೆ ಅಂತ ಗೊತ್ತಾಗೋದೇ ಫೋಟೋ ನೋಡಿದಾಗ, ಎಸ್‌ಎಲ್‌ಆರ್ ಆಗಿದ್ರೆ ಲೆನ್ಸ್ ಮೂಲಕವೇ ನೋಡೋದ್ರಿಂದ ಕಣ್ಣಿಗೆ ಕಂಡು ಒಂದು ಹೆಜ್ಜೆ ಪಕ್ಕಕ್ಕೆ ಸರೀತಿದ್ವಿ. ನಾನೀಗ ಎಡಗೈ ಅಡ್ಡ ಹಿಡಿದು ನೆರಳು ಮಾಡ್ಕೋತೀನಿ. ಕೆಲವು ಫೋಟೋದಲ್ಲಿ ನನ್ನ ಬೆರಳೂ ಬಂದಿದೆ, ಇರ್ಲಿ ಬಿಡಿ.

ಕ್ವಾಲಿಟಿ ಬಗ್ಗೆನೂ ನಮ್ಮಿಬ್ಬರಿಗೆ ತಕರಾರು, ಇದು ಉಲ್ಟಾ. ನಂಗೆ ಎಫ್4ರಲ್ಲೇ ನಡುಭಾಗ ಚೆನ್ನಾಗಿ ಶಾರ್ಪ್ ಕಾಣತ್ತೆ, ತೂತು ಚಿಕ್ಕದು ಮಾಡಿ 5.6 ದಾಟಿದ್ರೆ ಮೂಲೆನೂ ಸರಿಹೋಗತ್ತೆ, ಕಂಪ್ಲೇಂಟೇ ಇಲ್ಲ. ಅವನು ಗೆರೆ ಬಾಗತ್ತೆ ಅಂತಾನೆ. ಹೌದು, 28ರಲ್ಲಿ ಗೋಡೆ ಬಾಗಿಲು ಫ್ರೇಮಿನ ಅಂಚಿಗೆ ಬಂದ್ರೆ ಹೊಟ್ಟೆ ಉಬ್ಬಿದಂಗೆ ಕಾಣತ್ತೆ, ನಾನು ಅಲ್ಲಿ ಜನರನ್ನ ಬಿಟ್ರೆ ಏನೂ ತೆಗೀದೇ ಇರೋದ್ರಿಂದ ಗಮನಿಸೇ ಇರ್ಲಿಲ್ಲ. ನಂಗೆ ನಿಜವಾಗಿ ಕಿರಿಕಿರಿ ಮಾಡೋದು 1 ಮೀಟರ್‌ಗಿಂತ ಹತ್ರ ಫೋಕಸ್ ಆಗದೇ ಇರೋದು, ಸಾಮಾನ್ಯ ಎಂ ಲೆನ್ಸ್ 0.7ಕ್ಕೆ ಬರತ್ತಲ್ಲ. ಸಂಜೆ ಆದ್ಮೇಲೆ ಎಫ್4 ಸಾಲಲ್ಲ, ಅದನ್ನ ಹೇಳೋದೇ ಬೇಡ.

ತಗೋಬೋದಾ ಅಂದ್ರೆ, ಟಾರ್ಚ್ ಬಿಟ್ಟು ನೋಡೋಕೆ ಬಿಡೋರ ಹತ್ರ ಮಾತ್ರ ತಗೊಳ್ಳಿ. ಒಂದೇ ಲೆನ್ಸ್ ಹಾಕ್ಕೊಂಡು ಇಡೀ ದಿನ ಓಡಾಡೋರಿಗೆ ಇದರಷ್ಟು ಸುಖ ಬೇರೆ ಇಲ್ಲ.

ಫ್ರೆಂಡು ಮಾತ್ರ ಈಗಲೂ ಫ್ಲೇರ್ ಬರಲ್ಲ ಅಂತಾನೇ ಹೇಳ್ತಾನೆ. ಮೊನ್ನೆ ಅವನ ಫೋಟೋಗಳನ್ನ ಒಂದೊಂದಾಗಿ ನೋಡಿದೆ, ಹೆಚ್ಚುಕಮ್ಮಿ ಎಲ್ಲಾ 28ರಲ್ಲೇ ತೆಗೆದಿದ್ದು. ನನ್ನವೆಲ್ಲಾ 50.